ಮಂತ್ರದಿಂದ ಬದುಕಿದವರು, ಮಂತ್ರವಿಲ್ಲದೆ ಬದುಕಿದವರು

ದಿನನಿತ್ಯದ ಬದುಕಿನಲ್ಲಿ ತರ್ಕದ ಪಾತ್ರವನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಹಾವಿನ ಕಡಿತಕ್ಕೆ ಮಂತ್ರ ಹಾಕಿ ಬೇರು ಅರೆದು ಕೊಡುವ ಹಿರಿಯರೊಬ್ಬರಿದ್ದಾರೆ. ಅವರ ಬಳಿಗೆ ಹೋದವರಲ್ಲಿ ಹೆಚ್ಚಿನವರು ಬದುಕಿ ಮನೆಗೆ ಮರಳಿದ್ದನ್ನು ನಾನೇ ನೋಡಿದ್ದೇನೆ. ಕಣ್ಣಾರೆ ಕಂಡದ್ದನ್ನು ನಂಬುವುದು ತರ್ಕಕ್ಕೆ ವಿರುದ್ಧವೆ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಾವು ಕಂಡದ್ದು ಸುಳ್ಳೆಂದು ಹೇಳಲು ಯಾವ ಕಾರಣವೂ ಇಲ್ಲ. ಆದರೆ ತಾವು ಕಂಡದ್ದು ಎರಡು ಸಂಗತಿಗಳನ್ನು ಮಾತ್ರ: ಹಿರಿಯರು ಮಂತ್ರ ಹಾಕಿದರು, ಕಚ್ಚಿಸಿಕೊಂಡವರು ಬದುಕಿದರು. ಮಂತ್ರದಿಂದಲೇ ಬದುಕಿದರು ಎಂಬ ಮೂರನೆಯ ಸಂಗತಿ ಕಣ್ಣಿಗೆ ಕಂಡದ್ದಲ್ಲ, ಮನಸ್ಸು ಊಹಿಸಿಕೊಂಡದ್ದು. ಪ್ರತ್ಯಕ್ಷವನ್ನೂ ಅನುಮಾನವನ್ನೂ (ಕಂಡದ್ದರಿಂದ ಕಾಣದ್ದನ್ನು ಊಹಿಸುವುದನ್ನೂ) ಎರಡು ಬೇರೆ ಪ್ರಮಾಣಗಳೆಂದು, ಅಂದರೆ ಅರಿವಿನ ಸಾಧನಗಳೆಂದು, ಎಣಿಸಿದ ನಮ್ಮ ಪ್ರಾಚೀನ ತರ್ಕಶಾಸ್ತ್ರಜ್ಞರಾದ ನೈಯಾಯಿಕರು, ಅನುಮಾನವು ನಿಲ್ಲಬೇಕಾದರೆ ಎರಡು ಕಡೆಯಿಂದ ಆಧಾರ ಬೇಕೆಂದು ವಿಧಿಸಿದ್ದರು. ಹೊಗೆ ಇರುವಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿರುವಂತೆ, ಎಂಬುದು ಅನ್ವಯ. ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ, ಕೊಳದಲ್ಲಿ ಇಲ್ಲದಂತೆ, ಎಂಬುದು ವ್ಯತಿರೇಕ. ತಮ್ಮ ಪತ್ರದಲ್ಲಿ ಅನ್ವಯ ಧಾರಾಳವಾಗಿದೆ, ವ್ಯತಿರೇಕ ಒಂದೂ ಇಲ್ಲ. ಅದೇ ಊರಿನಲ್ಲಿ ಹಾವು ಕಚ್ಚಿಯೂ ಯಾರ ಬಳಿಗೂ ಹೋಗದವರ ಗತಿ ಏನಾಯಿತು ಎಂಬುದನ್ನು ಯಾರೂ ಬರೆದಿಟ್ಟಿಲ್ಲ.

ಅವರಲ್ಲಿಯೂ ಹೆಚ್ಚಿನವರು ಬದುಕಿರುವ ಸಂಭವವೇ ದೊಡ್ಡದು. ಭಾರತದಲ್ಲಿ ಗುರುತಿಸಲಾಗಿರುವ 300ಕ್ಕೂ ಹೆಚ್ಚು ಜಾತಿಯ ಹಾವುಗಳಲ್ಲಿ ವಿಷವುಳ್ಳವು ಸುಮಾರು 60. ಅವುಗಳಲ್ಲಿಯೂ ಬಹುಪಾಲು ಸಾವುಗಳಿಗೆ ಕಾರಣವಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು. ಕತ್ತಲಲ್ಲಿ ಕಾಲಿಗೆ ಕಚ್ಚಿ ಹೊದರಿನೊಳಗೆ ನುಸುಳಿದ್ದು ಕೇರೆಯೊ ನೀರುಹಾವೊ ಆಗಿದ್ದರೆ ಔಷಧವೇ ಬೇಕಿಲ್ಲ. ವಿಷದ ಹಾವು ಕೂಡ ಪ್ರತಿ ಕಡಿತದಲ್ಲಿಯೂ ವಿಷ ಬಿಡುವುದಿಲ್ಲ. ಹಲ್ಲಿನ ಗುರುತು ಮೂಡಿದರೂ ವಿಷ ಮೈಗೇರದ ಕಡಿತಗಳು ವೈದ್ಯರಿಗೆ ಚಿರಪರಿಚಿತ. ಹೀಗೆ ತಾವಾಗಿಯೇ ಬದುಕಲಿದ್ದವರೆಲ್ಲರೂ ಮಂತ್ರದ ಲೆಕ್ಕಕ್ಕೆ ಜಮೆಯಾಗುತ್ತಾರೆ. ನಿಜವಾಗಿ ವಿಷವೇರಿದವರು ತೀರಿಕೊಂಡಾಗ ಮಾತ್ರ "ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು", "ಪಥ್ಯ ತಪ್ಪಿಸಿದರು" ಎಂದು ಆ ಸಾವನ್ನು ಬೇರೆ ಖಾತೆಗೆ ಬರೆಯಲಾಗುತ್ತದೆ. ಆ ಹಿರಿಯರು ಮೋಸಗಾರರೆಂದು ಇದರ ಅರ್ಥವಲ್ಲ. ಇಂಥ ಲೆಕ್ಕವನ್ನು ದಿನವೂ ನೋಡುತ್ತ ಬಂದವರು ತಮ್ಮ ವಿದ್ಯೆಯನ್ನು ತಾವೇ ಪ್ರಾಮಾಣಿಕವಾಗಿ ನಂಬುವುದು ಸಹಜ.

ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ಕಟ್ಟುಹಾವು ಸಾಮಾನ್ಯವಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಬಹುತೇಕ ಇರುವುದಿಲ್ಲ, ಗಾಯವೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆಗಳು ಇಳಿಬಿದ್ದು, ಮಾತು ತೊದಲಿ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. "ನೋವಿಲ್ಲ, ಆದ್ದರಿಂದ ವಿಷವಿಲ್ಲ" ಎಂಬ ಅನುಮಾನ ಇಲ್ಲಿ ಜೀವವನ್ನೇ ತೆಗೆಯುತ್ತದೆ. ಆದ್ದರಿಂದ ಕಚ್ಚಿದ್ದು ಯಾವ ಹಾವೆಂಬ ಚರ್ಚೆಯನ್ನು ಬದಿಗಿಟ್ಟು, ಕಡಿತದ ಜಾಗವನ್ನು ಕೊಯ್ಯದೆ, ಹೀರದೆ, ಹಗ್ಗದಿಂದ ಬಿಗಿಯದೆ, ಕೈಕಾಲು ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಸೇರಿಸತಕ್ಕದ್ದು. 2000ದಿಂದ 2019ರವರೆಗೆ ದೇಶದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿರುವರೆಂದು ಅಂದಾಜು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ. ಬದುಕಿದವರ ಜೊತೆಗೆ ಸತ್ತವರೂ ಒಂದೇ ಪಟ್ಟಿಯಲ್ಲಿ ಸೇರತೊಡಗಿದರೆ, ಇಷ್ಟು ಕಾಲ ಕೈಗೆ ಸಿಗದಿದ್ದ ವ್ಯತಿರೇಕದ ಲೆಕ್ಕ ಸಿಗಬಹುದು.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಚೆನ್ನಾಗಿ ಬರೆದ ವಿದ್ಯಾರ್ಥಿಯನ್ನು ಹೊಗಳಿದರೆ ಮುಂದಿನ ಕಿರುಪರೀಕ್ಷೆಯಲ್ಲಿ ಅಂಕ ಇಳಿಯುತ್ತದೆ. ಕೆಟ್ಟದಾಗಿ ಬರೆದವರನ್ನು ಗದರಿಸಿದರೆ ಏರುತ್ತದೆ. ಅನುಭವವೇ ಹೀಗಿರುವಾಗ ಮಕ್ಕಳನ್ನು ಗದರಿಸಬಾರದು ಎಂಬ ಉಪದೇಶವನ್ನು ಏಕೆ ಒಪ್ಪಬೇಕು?
– ಓದುಗರೊಬ್ಬರು, ಹಾವೇರಿ

ಉತ್ತರ: ತಮ್ಮ ಅನುಭವ ನಿಜ, ಅದಕ್ಕೆ ತಾವು ಹಚ್ಚಿರುವ ಕಾರಣ ಮಾತ್ರ ಅನುಮಾನಾಸ್ಪದ. ಒಂದು ಪರೀಕ್ಷೆಯ ಅಂಕದಲ್ಲಿ ವಿದ್ಯಾರ್ಥಿಯ ತಿಳಿವಳಿಕೆಯ ಜೊತೆಗೆ ಆ ದಿನದ ಅದೃಷ್ಟವೂ ಬೆರೆತಿರುತ್ತದೆ: ಓದಿದ ಪಾಠದಿಂದಲೇ ಪ್ರಶ್ನೆ ಬಂದಿರಬಹುದು, ಹಿಂದಿನ ರಾತ್ರಿ ಜ್ವರವಿದ್ದಿರಬಹುದು. ತೀರ ಹೆಚ್ಚು ಅಂಕ ಬಂದ ದಿನ ಅದೃಷ್ಟ ಕೂಡಿಬಂದಿರುವ ಸಂಭವ ಹೆಚ್ಚು, ತೀರ ಕಡಿಮೆ ಬಂದ ದಿನ ಕೈಕೊಟ್ಟಿರುವ ಸಂಭವ ಹೆಚ್ಚು. ಮುಂದಿನ ಸಲ ಇಬ್ಬರೂ ತಮ್ಮ ತಮ್ಮ ಎಂದಿನ ಮಟ್ಟದ ಕಡೆಗೆ ಸರಿಯುತ್ತಾರೆ. ಹೊಗಳಿಕೆ ಬರುವುದು ಏರಿದಾಗ, ಗದರಿಕೆ ಬರುವುದು ಇಳಿದಾಗ ಆದುದರಿಂದ, ಹೊಗಳಿಕೆ ಕೆಡಿಸಿದಂತೆಯೂ ಗದರಿಕೆ ತಿದ್ದಿದಂತೆಯೂ ತೋರುತ್ತದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಅವರಿಗೆ ಇಸ್ರೇಲಿನ ವಾಯುಪಡೆಯ ತರಬೇತುದಾರರೊಬ್ಬರು ಶಿಷ್ಯರ ವಿಮಾನ ಹಾರಾಟದ ಬಗ್ಗೆ ಇದೇ ಮಾತನ್ನು, ಇದೇ ಖಚಿತತೆಯಿಂದ ಹೇಳಿದ್ದರು.

ಪರೀಕ್ಷಿಸುವುದು ಕಷ್ಟವಲ್ಲ. ಒಂದು ಅವಧಿಯಲ್ಲಿ ಕಡಿಮೆ ಅಂಕದವರ ಪೈಕಿ ಅರ್ಧದಷ್ಟು ಮಂದಿಗೆ, ಚೀಟಿ ಎತ್ತಿ ಆರಿಸಿ, ಏನನ್ನೂ ಹೇಳದೆ ಉತ್ತರಪತ್ರಿಕೆಯನ್ನು ಮರಳಿಸಿ ನೋಡಿ. ಅವರ ಅಂಕವೂ ಅಷ್ಟೇ ಏರಿದರೆ, ಗದರಿದ್ದರಿಂದ ತಮ್ಮ ಗಂಟಲಿಗಷ್ಟೇ ಆಯಾಸವಾಗಿದೆ ಎಂದಾಯಿತು.

ಪ್ರಶ್ನೆ: ವೈದ್ಯರು ಹೇಳಿದ್ದನ್ನು ನಾವು ಯಾರೂ ಪರೀಕ್ಷಿಸಿ ನೋಡುವುದಿಲ್ಲ, ನಂಬಿಕೆಯ ಮೇಲೆಯೇ ಮಾತ್ರೆ ನುಂಗುತ್ತೇವೆ. ಹಾಗಿರುವಾಗ ಮಂತ್ರ ಹಾಕುವವರನ್ನು ನಂಬುವವನಿಗಿಂತ ನಾವು ಹೇಗೆ ಹೆಚ್ಚು ವಿಚಾರವಂತರು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವ ವಿಚಾರವಾದಿಗಳು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಎಲ್ಲವನ್ನೂ ಸ್ವತಃ ಪರೀಕ್ಷಿಸುವುದಕ್ಕೆ ಒಂದು ಆಯುಷ್ಯ ಸಾಲದು. ತಿಳಿದವರ ಮಾತನ್ನು ಪ್ರಮಾಣವಾಗಿ ಒಪ್ಪದೆ ಯಾರೂ ಬದುಕಲಾರರು. ಪ್ರಶ್ನೆ ಇರುವುದು ತಿಳಿದವರು ಯಾರು ಎಂಬುದರಲ್ಲಿ. ನೈಯಾಯಿಕರ ಮೂಲಗ್ರಂಥವಾದ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನು, ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸುವ ಇಚ್ಛೆಯಿಂದ ಹೇಳುವವನನ್ನು ಆಪ್ತನೆಂದು, ಅಂದರೆ ನಂಬಲರ್ಹನೆಂದು, ಕರೆದು, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿದ್ದಾನೆ. ಹೇಳುವವನ ಕುಲಕ್ಕಾಗಲಿ ವೇಷಕ್ಕಾಗಲಿ, ಇಂದಿನ ಮಟ್ಟಿಗೆ ಹೇಳುವುದಾದರೆ ಬಿಳಿ ಕೋಟಿಗಾಗಲಿ, ಇಲ್ಲಿ ಸ್ಥಾನವಿಲ್ಲ.

ವ್ಯತ್ಯಾಸ ಕಾಣುವುದು ಮಾತು ತಪ್ಪಾದಾಗ. ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾಡಬಹುದಾದ ಒಂದು ಪರೀಕ್ಷೆಯಿದೆ: ಹಾವು ಕಚ್ಚಿದವರ ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಮೈಯಲ್ಲಿ ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತದೆ. ಇದನ್ನು ನರ್ಸ್ ನೋಡಬಹುದು, ರೋಗಿಯ ಅಣ್ಣ ನೋಡಬಹುದು, ವೈದ್ಯರ ಊಹೆ ತಪ್ಪೆಂದೂ ಕಾಣಬಹುದು. ನಾಗರಹಾವು, ಕಟ್ಟುಹಾವುಗಳ ವಿಷ ಈ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲವೆಂದು ಹೇಳುವವರೂ ವೈದ್ಯರೇ. ಪಶ್ಚಿಮ ಘಟ್ಟದ ತೋಟಗಳಲ್ಲಿ ಕಾಣಸಿಗುವ, ಮೂತಿಯ ತುದಿ ಮೇಲಕ್ಕೆ ಬಾಗಿದ ಸಣ್ಣ ಮಂಡಲದ ಜಾತಿಯೊಂದರ ಕಡಿತಕ್ಕೆ ನಮ್ಮಲ್ಲಿ ಸಿಗುವ ವಿಷನಿರೋಧಕ ಉಪಯೋಗಕ್ಕೆ ಬಾರದೆಂದು ದಾಖಲಿಸಿದವರೂ ಅವರೇ. ತನ್ನ ಔಷಧ ಎಲ್ಲಿ ಸೋಲುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಬಲ್ಲವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಯಾವುದಾದರೂ ವೈದ್ಯರು ಪ್ರಶ್ನೆ ಕೇಳಿದರೆ ಸಿಡುಕಿ, ಕಾರಣ ಹೇಳದೆ ಚೀಟಿ ಬರೆದು ಕಳುಹಿಸಿದರೆ, ಅವರ ಮಾತನ್ನು ಇನ್ನೊಬ್ಬ ವೈದ್ಯರಲ್ಲಿ ವಿಚಾರಿಸಲು ಸಂಕೋಚಪಡಬೇಕಾಗಿಲ್ಲ.

ಪ್ರಶ್ನೆ: ಮಗುವಿಗೆ ಅಜ್ಜಿ ದೃಷ್ಟಿ ತೆಗೆಯುವುದನ್ನೂ ವಿಚಾರದ ಹೆಸರಿನಲ್ಲಿ ತಡೆಯಬೇಕೆ? ಮನೆಯಲ್ಲಿ ಇದೇ ಜಗಳವಾಗಿದೆ.
– ಓದುಗರೊಬ್ಬರು, ಧಾರವಾಡ

ಉತ್ತರ: ತಡೆಯಬೇಕಾಗಿಲ್ಲ. ಒಣಮೆಣಸಿನಕಾಯಿಯ ಘಾಟು ಮಗುವಿನ ಮೂಗಿಗೆ ಹೋಗದಷ್ಟು ದೂರದಲ್ಲಿ ನಡೆದರೆ ಸಾಕು. ಆದರೆ ಮಗುವಿಗೆ ಜ್ವರವಿದ್ದರೆ ಮೊದಲು ಥರ್ಮಾಮೀಟರ್ ಇಟ್ಟು ನೋಡಿ. ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿದ್ದರೆ ಜ್ವರ ಎಷ್ಟೇ ಇರಲಿ, ಅಂದೇ ವೈದ್ಯರಿಗೆ ತೋರಿಸಿ. ಅಜ್ಜಿಯವರೂ ಜೊತೆಗೆ ಬರಲಿ. ಮಗು ಎಷ್ಟು ಸಲ ಹಾಲು ಕುಡಿಯಿತು, ಯಾವಾಗಿನಿಂದ ಮಂಕಾಗಿದೆ ಎಂಬುದನ್ನು ವೈದ್ಯರಿಗೆ ತಂದೆತಾಯಿಗಿಂತ ಸರಿಯಾಗಿ ಹೇಳುವವರು ಬಹಳ ಸಲ ಅವರೇ ಆಗಿರುತ್ತಾರೆ.