ಕೋಡ್ ಬರೆಯುವ ಎಐ ಏಜೆಂಟ್‌ಗೆ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ವಿವರ ಹುಡುಕುವ ಟೂಲ್ ಕೊಟ್ಟರೆ ತಪ್ಪು ಪ್ಯಾಕೇಜ್ ಬರೋದು ನಿಲ್ಲುತ್ತಾ? ಯಾವ ಟೂಲ್ ಒಳ್ಳೆಯದು?

ನಿಲ್ಲಲ್ಲ. ನನ್ನ ಏಜೆಂಟ್‌ಗೆ ಆ ಟೂಲ್ ಇತ್ತು. ಆದರೂ ತಪ್ಪು ಪ್ಯಾಕೇಜ್ ಬಂತು. ಅದರ ಹಿಂದೆಯೇ 58 ಸಾವಿರ ರೂಪಾಯಿಯ ಬಿಲ್ಲೂ ಬಂತು.

2025ರ ಫೆಬ್ರವರಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಾಡಿಗೆ ರೂಮಿನಲ್ಲಿ ಕೂತು ಬ್ಯಾಡಗಿಯ ಒಬ್ಬ ದಲಾಲಿ ಅಂಗಡಿ ಮಾಲಕರಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆ. ಮೆಣಸಿನಕಾಯಿ ಸೀಸನ್ ಜೋರಾಗಿತ್ತು. ರೈತರಿಗೆ ಕೊಡುವ ಪಟ್ಟಿ ಕನ್ನಡದಲ್ಲೇ ಪಿಡಿಎಫ್ ಆಗಿ ಬರಬೇಕು ಅಂತ ಅವರು ಹಟ ಹಿಡಿದಿದ್ದರು. ನಾನು ಬಳಸುತ್ತಿದ್ದ ಪೈಥಾನ್ ಲೈಬ್ರರಿಯಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. 'ಬ್ಯಾಡಗಿ' ಅಂತ ಬರೆಯೋಕೂ ಆಗುತ್ತಿರಲಿಲ್ಲ.

ಏಜೆಂಟ್‌ನ ಕೇಳಿದೆ. ಅದು ಒಂದು ಹೆಸರು ಕೊಟ್ಟಿತು. ಕೇಳಿದರೆ ಹಾರ್ಫ್‌ಬಜ್‌ಗೆ ಸಂಬಂಧಿಸಿದ್ದೇ ಅನಿಸುವಂಥ ಹೆಸರು. ಹಾರ್ಫ್‌ಬಜ್ ಅಂದರೆ ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಅಕ್ಷರ ಜೋಡಿಸುವ ಎಂಜಿನ್. ಏಜೆಂಟ್‌ಗೆ ಎಂಸಿಪಿ ಎಂಬ ಪದ್ಧತಿಯಲ್ಲಿ ಜೋಡಿಸಿದ್ದ ಆ ಟೂಲ್ ಪೈಪಿಐಗೆ, ಅಂದರೆ ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ರಿಜಿಸ್ಟ್ರಿಗೆ, ಹೋಗಿ ನೋಡಿ ಬಂತು. ಪ್ಯಾಕೇಜ್ ಇದೆ, ಲೈಸೆನ್ಸ್ ಎಂಐಟಿ (ಮುಕ್ತವಾಗಿ ಬಳಸಬಹುದು), ಸೋರ್ಸ್ ಕೊಂಡಿ ಗಿಟ್‌ಹಬ್‌ನಲ್ಲಿ (ಪ್ರಾಜೆಕ್ಟ್‌ಗಳ ಮೂಲ ಕೋಡ್ ಇಡುವ ತಾಣದಲ್ಲಿ) ಹಾರ್ಫ್‌ಬಜ್‌ನ ಪುಟ. ಆ ಪುಟ ತೆರೆದೆ. ವರ್ಷಗಟ್ಟಲೆ ಕೆಲಸ, ಸಾವಿರಾರು ಸ್ಟಾರ್. ಇನ್‌ಸ್ಟಾಲ್ ಮಾಡು ಅಂದೆ.

ನನ್ನ ತಪ್ಪು ಇಲ್ಲಿದೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಟೂಲ್ ಸುಳ್ಳು ಹೇಳಲಿಲ್ಲ. ಆದರೆ ಅದು ತಂದುಕೊಟ್ಟ ವಿವರಣೆ, ಲೈಸೆನ್ಸ್, ಕೊಂಡಿ ಎಲ್ಲವನ್ನೂ ಬರೆದವರು ಪ್ಯಾಕೇಜ್ ಹಾಕಿದವರೇ. ಯಾರು ಬೇಕಾದರೂ ತಮ್ಮ ಪ್ಯಾಕೇಜ್‌ಗೆ ಹಾರ್ಫ್‌ಬಜ್‌ನ ಕೊಂಡಿ ಅಂಟಿಸಬಹುದು. ಪರಿಶೀಲನೆಯಾದ ವಿವರ ಯಾವುದು ಅಂತ ಪೈಪಿಐನ ವೆಬ್ ಪುಟ ಬೇರೆಯಾಗಿ ತೋರಿಸುತ್ತದೆ. ಟೂಲ್ ಕೊಟ್ಟ ಸಾರಾಂಶದಲ್ಲಿ ಆ ವ್ಯತ್ಯಾಸ ಇರಲಿಲ್ಲ. ನಾನು ಹೆಸರಿನಿಂದ ಪ್ರಾಜೆಕ್ಟ್ ಕಡೆಗೆ ಹೋದೆ. ಪ್ರಾಜೆಕ್ಟ್‌ನಿಂದ ಹೆಸರಿನ ಕಡೆಗೆ ಬರಬೇಕಿತ್ತು. ಹಾರ್ಫ್‌ಬಜ್‌ನವರ ಗಿಟ್‌ಹಬ್‌ನಲ್ಲೇ ಇನ್ನೊಂದು ನಿಮಿಷ ಹುಡುಕಿದ್ದರೆ, ಅವರ ಪೈಥಾನ್ ಪ್ಯಾಕೇಜ್ ಹೆಸರು 'ಯುಹಾರ್ಫ್‌ಬಜ್' ಅಂತ ಕಾಣುತ್ತಿತ್ತು. ನಾನು ಹಾಕಿಕೊಂಡದ್ದು ಬೇರೆ. ಹಾಕಿದವರು ಬರೆಯಲಾಗದ, ರಿಜಿಸ್ಟ್ರಿಯೇ ದಾಖಲಿಸುವ ಸಂಗತಿ ಅಂದರೆ ಅಪ್‌ಲೋಡ್ ಆದ ದಿನ. ಅದನ್ನು ನಾನು ಕೇಳಲೇ ಇಲ್ಲ. ಆ ಪ್ಯಾಕೇಜ್‌ಗೆ ಒಂಬತ್ತು ದಿನ ಆಗಿತ್ತು, ಇದ್ದದ್ದು ಒಂದೇ ಆವೃತ್ತಿ.

ಎಐ ಮಾಡೆಲ್‌ಗಳು ಇಲ್ಲದ ಪ್ಯಾಕೇಜ್ ಹೆಸರು ಹುಟ್ಟಿಸುತ್ತವೆ, ಅದೇ ಹೆಸರನ್ನು ಮತ್ತೆ ಮತ್ತೆ ಹೇಳುತ್ತವೆ. ಅದನ್ನು ಯಾರೋ ಮೊದಲೇ ನೋಂದಾಯಿಸಿ ಕಾಯಬಹುದು. ಬಾರ್ ಲಾನ್ಯಾಡೋ ಎಂಬ ಭದ್ರತಾ ಸಂಶೋಧಕರು ಅಂಥದ್ದೇ ಒಂದು ಹೆಸರಲ್ಲಿ, 'ಹಗಿಂಗ್‌ಫೇಸ್-ಸಿಎಲ್ಐ' ಅಂತ, ಒಂದು ಖಾಲಿ ಪ್ಯಾಕೇಜ್ ಹಾಕಿ ನೋಡಿದ್ದರು. ಮೂರು ತಿಂಗಳಲ್ಲಿ 30 ಸಾವಿರಕ್ಕೂ ಜಾಸ್ತಿ ಡೌನ್‌ಲೋಡ್. ಇದು 2024ರಲ್ಲೇ ಸುದ್ದಿಯಾಗಿತ್ತು.

ನನ್ನದು ಖಾಲಿ ಇರಲಿಲ್ಲ. ಪೈಥಾನ್‌ನಲ್ಲಿ ಸೋರ್ಸ್ ರೂಪದ ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗಲೇ ಅದರ ಸೆಟಪ್ ಕೋಡ್ ಓಡುತ್ತದೆ. ಕ್ಲೌಡ್ ಖಾತೆಯ (ಬಾಡಿಗೆ ಕಂಪ್ಯೂಟರ್‌ಗಳ ಖಾತೆಯ) ಕೀ ನನ್ನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಆ ಟರ್ಮಿನಲ್‌ನಲ್ಲಿ ಓಡುವ ಕೋಡ್ ಓದಬಹುದಾದ ಜಾಗದಲ್ಲಿ, ಇತ್ತು. ಅದು ಕಳುವಾಯಿತು. ಎರಡು ರಾತ್ರಿ ಯಾರೋ ಆ ಖಾತೆಯಲ್ಲಿ ದೊಡ್ಡ ದೊಡ್ಡ ಮಷೀನ್ ಓಡಿಸಿದರು. ಆ 58 ಸಾವಿರದ ಬಿಲ್ ಬಿದ್ದದ್ದು ಅಂಗಡಿ ಮಾಲಕರ ಕಾರ್ಡ್‌ಗೆ.

ಬ್ಯಾಡಗಿಗೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ತಮ್ಮಾ, ಚೀಲದ ಮ್ಯಾಲ ಬರದದ್ದು ಓದಿ ಯಾರರ ಕಾಯಿ ತಗೋತಾರೇನು? ಕೈ ಹಾಕಿ ನೋಡಬೇಕಲ್ಲಾ?" ಅಂದರು. ನಾಲ್ಕು ಕಂತಿನಲ್ಲಿ ದುಡ್ಡು ತೀರಿಸಿದೆ.

ಹಾಗಾಗಿ ನೀವು ಯಾವ ಟೂಲ್ ಒಳ್ಳೆಯದು ಅಂತ ಕೇಳಿದ್ದೇ ನನಗೆ ಸರಿ ಅನಿಸಲಿಲ್ಲ. ಇಂಥ ಟೂಲ್‌ಗಳು ಓದುವುದು ಅದೇ ರಿಜಿಸ್ಟ್ರಿಯನ್ನು. ಯಾವುದನ್ನಾದರೂ ಹಾಕಿಕೊಳ್ಳಿ, ಆವೃತ್ತಿ ತಿಳಿಯೋಕೆ ಅದು ಬೇಕೇ ಬೇಕು. ಮಾಡೆಲ್ ನೆನಪು ಹಳೆಯದು. ಪೈಡಾಂಟಿಕ್ ಎಂಬ ಪೈಥಾನ್ ಪ್ಯಾಕೇಜ್‌ನ ಆವೃತ್ತಿ 2 ಬಂದದ್ದು 2023ರ ಜೂನ್‌ನಲ್ಲಿ, ಆದರೂ ಏಜೆಂಟ್ ಆವೃತ್ತಿ 1ರ ಕೋಡ್ ಬರೆದುಕೊಟ್ಟದ್ದು ನನಗೆ ಎಷ್ಟೋ ಸಲ ಸಿಕ್ಕಿದೆ. ಆದರೆ ಇನ್‌ಸ್ಟಾಲ್ ಮಾಡುವ ಅನುಮತಿಯನ್ನು ಏಜೆಂಟ್‌ಗೆ ಕೊಡಲೇಬೇಡಿ. ಅದು ಹುಡುಕಲಿ, ನೀವು ಹಾಕಿ. ಮೊದಲ ಅಪ್‌ಲೋಡ್ ದಿನ, ಒಟ್ಟು ಆವೃತ್ತಿ, ಮೂಲ ಪ್ರಾಜೆಕ್ಟ್‌ನ ರೀಡ್‌ಮಿಯಲ್ಲಿ (ಪರಿಚಯ ಪುಟದಲ್ಲಿ) ಇದೇ ಹೆಸರು ಇದೆಯಾ, ಈ ಮೂರನ್ನೂ ಪ್ರತಿ ಸಲ ತೋರಿಸು ಅಂತ ಅದರ ಸೂಚನೆ ಫೈಲ್‌ನಲ್ಲಿ ಬರೆದಿಡಿ. ಬರೆಯದಿದ್ದರೆ ಟೂಲ್ ಇದ್ದರೂ ಏಜೆಂಟ್ ಕೆಲವು ಸಲ ಅದನ್ನು ಕೇಳದೇ ಮುಂದೆ ಹೋಗುತ್ತದೆ. ಕೀಗಳನ್ನು ಆ ಟರ್ಮಿನಲ್‌ನಿಂದ ಇವತ್ತೇ ತೆಗೆಯಿರಿ.

ಪಟ್ಟಿಯನ್ನು ಕೊನೆಗೆ ವೀಸಿಪ್ರಿಂಟ್ ಎಂಬ ಪಿಡಿಎಫ್ ಮಾಡುವ ಲೈಬ್ರರಿಯಲ್ಲಿ ಮಾಡಿದೆ. ಅದು ಅಕ್ಷರ ಮೂಡಿಸೋಕೆ ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿ ಬಳಸುತ್ತದೆ, ಪ್ಯಾಂಗೋ ಒಳಗೆ ಅದೇ ಹಾರ್ಫ್‌ಬಜ್ ಇದೆ. ವೀಸಿಪ್ರಿಂಟ್ ಹೆಸರನ್ನು ಅವರದೇ ದಾಖಲೆ ಪುಟದಿಂದ ನೋಡಿ, ನಾನೇ ಕೈಯಾರೆ ಟೈಪ್ ಮಾಡಿದೆ. 'ಬ್ಯಾ' ಸರಿಯಾಗಿ ಬಂತು.