ಬ್ರಾಕೆಟ್ಟಿನೊಳಗೆ ಏನಿಡಬೇಕು, ಏನಿಡಬಾರದು?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಅತಿಥಿಗಳಿಗೆ ಕೊಡಲು ಇಂಗ್ಲಿಷಿನಲ್ಲಿ ಒಂದು ಪುಟದ ಮಾಹಿತಿ ಬರೆದೆ. ಮಗಳು ಓದಿ, ‘ಎಲ್ಲಿ ನೋಡಿದ್ರೂ ಬ್ರಾಕೆಟ್ಟೇ ಇದೆಯಲ್ಲಪ್ಪ’ ಅಂದಳು. ಬ್ರಾಕೆಟ್ ಯಾವಾಗ ಹಾಕಬೇಕು? ಫುಲ್‌ಸ್ಟಾಪ್ ಒಳಗೋ, ಹೊರಗೋ?

ಉತ್ತರ: ನೀವು ಕಳಿಸಿದ ಪುಟ ಓದಿದೆ. ಹೆಚ್ಚಿನ ಬ್ರಾಕೆಟ್‌ಗಳು ಇರಬೇಕಾದ ಕಡೆಯೇ ಇವೆ. ಒಂದನ್ನು ಮಾತ್ರ ಇವತ್ತೇ ತೆಗೆಯಿರಿ: ‘ಮನೆವರೆಗೂ ರಸ್ತೆ ಇದೆ (ಮಳೆಗಾಲದಲ್ಲಿ ಕೊನೆಯ ಏರಿಗೆ ಜೀಪೇ ಬೇಕು).’ (ನಿಮ್ಮ ವಾಕ್ಯಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ನಿಯಮ ಇಂಗ್ಲಿಷಿನದೇ.)

ಬ್ರಾಕೆಟ್ ಎಂದರೆ ದನಿ ತಗ್ಗಿಸಿ ಹೇಳುವ ಮಾತು. ಅವಸರದಲ್ಲಿ ಓದುವವರ ಕಣ್ಣು ಅದನ್ನು ದಾಟಿ ಹೋಗುತ್ತದೆ. ಜುಲೈ ಮಳೆಯಲ್ಲಿ, ರಾತ್ರಿ ಹೊತ್ತು, ಮಕ್ಕಳನ್ನು ಕೂರಿಸಿಕೊಂಡು ಸಣ್ಣ ಕಾರಿನಲ್ಲಿ ಬರುವವರಿಗೆ ಆ ಜೀಪಿನ ಮಾತೇ ಎಲ್ಲಕ್ಕಿಂತ ಮುಖ್ಯ ಅಲ್ವಾ? ಅದನ್ನು ಬೇರೆ ವಾಕ್ಯ ಮಾಡಿ, ಮೊದಲಲ್ಲೇ ಹಾಕಿ. ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ ಎಂಬಂಥ ಷರತ್ತಿಗೂ ಇದೇ ಮಾತು.

ಇನ್ನು ‘ಕಾಚಂಪುಳಿ (ಪಂದಿ ಕರಿಗೆ ಹಾಕುವ ಕಪ್ಪು ಹುಳಿ)’, ‘ಮಡಿಕೇರಿ (ಹಳೆಯ ಹೆಸರು ಮರ್ಕಾರಾ)’ ಎಂದು ಬರೆದಿದ್ದೀರಲ್ಲ, ಅವು ನನಗೆ ತುಂಬಾ ಹಿಡಿಸಿದವು. ಗೊತ್ತಿದ್ದವರು ದಾಟಿ ಹೋಗುತ್ತಾರೆ, ಗೊತ್ತಿಲ್ಲದವರು ನಿಂತು ಓದುತ್ತಾರೆ. ಬ್ರಾಕೆಟ್ ಇರುವುದೇ ಇಂಥ ಕೆಲಸಕ್ಕೆ. ಪರೆಂಥಿಸಿಸ್ ಎಂಬ ಗ್ರೀಕ್ ಮೂಲದ ಪದಕ್ಕೂ ‘ಪಕ್ಕದಲ್ಲಿ ಸೇರಿಸಿಟ್ಟದ್ದು’ ಎಂದೇ ಅರ್ಥ. ಅಮೆರಿಕದವರು ಈ ಪದ ಬಳಸುತ್ತಾರೆ, ಬ್ರಿಟಿಷರು ಬ್ರಾಕೆಟ್ ಎನ್ನುತ್ತಾರೆ. ಎರಾಸ್ಮಸ್ ಎಂಬ ಡಚ್ ಪಂಡಿತ ಈ ಗುರುತುಗಳನ್ನು ಲ್ಯಾಟಿನ್ನಿನಲ್ಲಿ ‘ಪುಟ್ಟ ಚಂದ್ರ’ ಎಂದು ಕರೆದಿದ್ದ.

ಹಾಕಿದ್ದು ಸರಿಯೋ ಅಂತ ನೋಡಲು ಬ್ರಾಕೆಟ್ಟಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ಓದಿ. ಉಳಿದ ವಾಕ್ಯ ಕುಂಟಬಾರದು. ‘ನೂಲ್‌ಪುಟ್ಟು (ಮತ್ತು ಕೋಳಿ ಸಾರು) ಬೆಳಿಗ್ಗೆ ಸಿಗುತ್ತದೆ’ ಎಂಬಲ್ಲಿ ನೀವು ‘ಆರ್’ ಹಾಕಿದ್ದೀರಿ. ಮುಚ್ಚಿ ನೋಡಿದರೆ ಉಳಿಯುವುದು ನೂಲ್‌ಪುಟ್ಟು ಒಂದೇ, ಹಾಗಾಗಿ ‘ಈಸ್’ ಬರಬೇಕು.

ಫುಲ್‌ಸ್ಟಾಪ್ ವಿಷಯ ಸುಲಭ. ಬ್ರಾಕೆಟ್ ದೊಡ್ಡ ವಾಕ್ಯದ ಒಂದು ತುಂಡಾಗಿದ್ದರೆ ಫುಲ್‌ಸ್ಟಾಪ್ ಹೊರಗೆ, ನಿಮ್ಮ ಜೀಪಿನ ವಾಕ್ಯದ ಹಾಗೆ. ಇಡೀ ವಾಕ್ಯವೇ ಬ್ರಾಕೆಟ್ಟಿನಲ್ಲಿ ಒಂಟಿಯಾಗಿ ನಿಂತಿದ್ದರೆ ಒಳಗೆ, ಅದರ ಬೆನ್ನಿಗೆ ನಾನು ಬರೆದ ವಾಕ್ಯದ ಹಾಗೆ. ತೆರೆಯುವ ಬ್ರಾಕೆಟ್ಟಿನ ಮುಂಚೆ ಕಾಮಾ ಬೇಡ. ಬೇಕಿದ್ದರೆ ಮುಚ್ಚಿದ ಮೇಲೆ ಹಾಕಿ.

ಕೊನೆಗೆ, ಅತಿಥಿಯೊಬ್ಬರು ಬರೆದ ಮಾತನ್ನು ಕೆಳಗೆ ಹಾಕಿದ್ದೀರಿ: ‘ಅವರು (ನಮ್ಮ ಅಮ್ಮ) ಮಾಡಿದ ಕಡಂಬುಟ್ಟು ಮರೆಯಲಾರೆ.’ ಇಲ್ಲಿ ದುಂಡನೆಯದು ಬೇಡ, ಚೌಕದ ಬ್ರಾಕೆಟ್ ಹಾಕಿ: ‘ಅವರು [ನಮ್ಮ ಅಮ್ಮ]’. ಆಗ ಆ ಎರಡು ಪದ ಸೇರಿಸಿದ್ದು ನೀವು, ಅತಿಥಿಯಲ್ಲ ಎಂದು ಓದುವವರಿಗೆ ಗೊತ್ತಾಗುತ್ತದೆ.