‘ಡೀಸೆಂಟ್’ ಲೇಖನ: ಈಗಿರುವ ಹಾಗೆ ಹಾಕಲು ಆಗುವುದಿಲ್ಲ

ನಮಸ್ಕಾರ. ‘ಡೀಸೆಂಟ್ ಅಂದರೆ ಏನು?’ ಅಂತ ನೀವು ಕಳಿಸಿದ ಲೇಖನ ಓದಿದೆ. ಇದನ್ನು ಹೀಗೇ ಹಾಕಲು ಆಗುವುದಿಲ್ಲ. ಆದರೆ ಒಂದು ಸಾಲು ಬರೆದು ಸುಮ್ನೆ ವಾಪಸ್ ಕಳಿಸೋಕೆ ಮನಸ್ಸಾಗಲಿಲ್ಲ, ಯಾಕೆಂದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ, ಅದನ್ನು ನೀವೇ ಕೊನೆಯ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಮೊದಲು ತಪ್ಪು ನೋಡೋಣ. ಲ್ಯಾಟಿನ್‌ನಲ್ಲಿ ‘ಡೆಕೆಮ್’ ಅಂದರೆ ಹತ್ತು, ಹತ್ತು ಜನ ಮೆಚ್ಚಿದವನೇ ಡೀಸೆಂಟ್ ಅಂತ ಬರೆದಿದ್ದೀರಿ. ಕೇಳೋಕೆ ಚೆನ್ನಾಗಿದೆ, ಆದರೆ ಸುಳ್ಳು. ಡೆಕೆಮ್‌ನಿಂದ ಬಂದದ್ದು ಡಿಸೆಂಬರ್, ಡೆಸಿಮಲ್. ಡೀಸೆಂಟ್ ಬಂದದ್ದು ‘ಡೆಕೇರೆ’ಯಿಂದ. ಒಪ್ಪುವುದು, ತಕ್ಕುದಾಗಿರುವುದು ಅಂತ ಅದರ ಅರ್ಥ. ಡೆಕೋರಮ್ (ತಕ್ಕ ನಡತೆ), ಡೆಕೊರೇಷನ್ ಎಲ್ಲ ಅದೇ ಮನೆಯವು. ಒಂದು ಒಳ್ಳೆಯ ನಿಘಂಟು ತೆಗೆದಿದ್ದರೆ ಐದು ನಿಮಿಷದಲ್ಲಿ ಸಿಗುತ್ತಿತ್ತು, ಅಲ್ವಾ?

ರೋಮ್‌ನ ಚಿಂತಕ ಸಿಸೆರೊಗೆ ಎರಡು ಪುಟ ಜಾಸ್ತಿಯಾಯಿತು. ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆಯುವಾಗ ಅವನು ಡೆಕೋರಮ್ ವಿಷಯ ಎತ್ತಿ, ಕವಿಗಳು ಪಾತ್ರಕ್ಕೆ ತಕ್ಕ ಮಾತು ಆಡಿಸುವುದನ್ನು ಉದಾಹರಣೆ ಕೊಡುತ್ತಾನೆ. ಅದೊಂದು ಉಳಿಸಿಕೊಳ್ಳಿ, ಮಿಕ್ಕದ್ದು ಬೇಡ. ಯಾಕೆಂದರೆ ಹದಿನಾರನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಅದರ ಅರ್ಥವೂ ಹತ್ತಿರ ಹತ್ತಿರ ಅದೇ: ಅವರವರ ಅಂತಸ್ತಿಗೆ ತಕ್ಕದ್ದು. ಅಶ್ಲೀಲ ಅಲ್ಲದ್ದು ಅನ್ನುವ ಅರ್ಥವೂ ಸೇರಿತು, ಹದಿನೆಂಟನೇ ಶತಮಾನದ ಹೊತ್ತಿಗೆ ‘ಪರವಾಗಿಲ್ಲ’ ಅನ್ನುವಷ್ಟಕ್ಕೂ ಇಳಿಯಿತು. ‘ಡೀಸೆಂಟ್ ಸಂಬಳ’ ಅಂತೀವಲ್ಲ, ಆ ಅರ್ಥ.

ಈಗ ನಿಮ್ಮ ಕೊನೆಯ ಪುಟ. ಬಾಡಿಗೆ ಮನೆಗೆ ಫೋನ್ ಮಾಡಿದಿರಿ. ಓನರ್ ‘ಡೀಸೆಂಟ್ ಫ್ಯಾಮಿಲಿಗೆ ಮಾತ್ರ ಕೊಡೋದು’ ಅಂದರು, ಉಸಿರು ಬಿಡದೆ ‘ನೀವು ಯಾವ ಪೈಕಿ? ನಾನ್‌ವೆಜ್ ಮಾಡ್ತೀರಾ?’ ಅಂತಲೂ ಕೇಳಿದರು. ಇದನ್ನು ಮೂರು ಸಾಲಲ್ಲಿ ಮುಗಿಸಿ ‘ಅದಿರಲಿ’ ಅಂತ ಮುಂದೆ ಹೋಗಿದ್ದೀರಲ್ಲ, ಯಾಕೆ? ನಾನೂರೈವತ್ತು ವರ್ಷ ಹಿಂದಿನ ‘ಅಂತಸ್ತಿಗೆ ತಕ್ಕ’ ಅನ್ನುವ ಅರ್ಥ ಆ ಫೋನಿನಲ್ಲಿ ಜೀವಂತ ಇದೆ. ಲೇಖನ ಇಲ್ಲಿಂದ ಶುರುವಾಗಬೇಕು.

ಅದರ ಎದುರಿಗೆ ಇನ್ನೊಂದು ಇಡಿ. 1954ರ ಜೂನ್ 9ರಂದು ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಮೆಕಾರ್ಥಿ, ಎದುರಿದ್ದ ವಕೀಲ ಜೋಸೆಫ್ ವೆಲ್ಚ್ ಅವರ ಕಚೇರಿಯ ಯುವ ವಕೀಲನೊಬ್ಬನಿಗೆ ಟಿವಿ ಕ್ಯಾಮೆರಾ ಮುಂದೆಯೇ ಕಮ್ಯುನಿಸ್ಟರ ನಂಟು ಅಂಟಿಸಿದರು. ನಿಮ್ಮಲ್ಲಿ ಡೀಸೆನ್ಸಿ ಅನ್ನೋದು ಕೊನೆಗೂ ಉಳಿದಿಲ್ಲವೇ ಅಂತ ವೆಲ್ಚ್ ಕೇಳಿದರು. ಗ್ಯಾಲರಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಲ್ಲಿ ಅದು ಅಧಿಕಾರ ಇದ್ದವನ ಮುಖಕ್ಕೆ ಹಿಡಿದ ಮಾತು. ಓನರ್ ಬಾಯಲ್ಲಿ ಅದೇ ಪದ ಗೇಟಿನ ಚಿಲಕ. ಯಾರು ಯಾರಿಗೆ ಹೇಳುತ್ತಾರೆ ಅನ್ನುವುದರ ಮೇಲೆ ಈ ಪದದ ಬೆಲೆಯೇ ಬದಲಾಗುತ್ತದೆ, ಅದನ್ನು ಬರೆಯಿರಿ. ನಮ್ಮ ಸಂವಿಧಾನದ 19(2)ನೇ ವಿಧಿಯಲ್ಲೂ ಮಾತಿಗೆ ಮಿತಿ ಹಾಕಬಹುದಾದ ಕಾರಣಗಳಲ್ಲಿ ಡೀಸೆನ್ಸಿ ಇದೆ. ಜಾಗ ಉಳಿದರೆ ಅದಕ್ಕೂ ಒಂದು ಪ್ಯಾರಾ ಕೊಡಿ.

‘ಸಭ್ಯತೆಯೇ ಸಂಸ್ಕೃತಿಯ ಕನ್ನಡಿ’ ಸಾಲು ತೆಗೆಯಿರಿ. ಎಂಟುನೂರು ಪದ ಸಾಕು. ಆ ಮನೆ ಸಿಕ್ಕಿತೋ ಇಲ್ಲವೋ ಅಂತ ಎಲ್ಲೂ ಹೇಳಿಲ್ಲ, ಓದುವವರು ಅದನ್ನೇ ಮೊದಲು ಕೇಳುತ್ತಾರೆ, ಸೇರಿಸಿ. ಮತ್ತೆ ದಯವಿಟ್ಟು ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ.